ತಾರೀಕಿಲ್ಲದ ರಾಜೀನಾಮೆ

ಹರಿಣಾಕ್ಷಿ ಪಂಚಾಯತ್ ಅಧ್ಯಕ್ಷೆಯಾಗುವ ಹಿಂದಿನ ದಿನ ಪಕ್ಷದ ಮುಖಂಡ ಶೇಖರ ಅವಳಿಂದ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದ. ತಾರೀಕಿನ ಜಾಗ ಖಾಲಿಯಿತ್ತು. ಮೂವತ್ತು ತಿಂಗಳ ಅವಧಿಯಲ್ಲಿ ಅರ್ಧ ಅವಳಿಗೆ, ಅರ್ಧ ಇನ್ನೊಬ್ಬ ಸದಸ್ಯೆ ಕಾಂತಿಗೆ ಎಂದು ಗಂಡಸರೇ ಕೂತು ತೀರ್ಮಾನಿಸಿದ್ದರು. ಬೀಡಿ ಕಟ್ಟುತ್ತಲೇ ಎರಡು ಸಲ ಗೆದ್ದು ಬಂದಿದ್ದ ಹರಿಣಾಕ್ಷಿಯನ್ನು ಯಾರೂ ಕೇಳಿರಲಿಲ್ಲ.

ಅವಳು ಸುಮ್ಮನೆ ಕೂರಲಿಲ್ಲ. ನೆರಿಯ ಊರಿನಾಚೆಯ ಕಾಡಂಚಿನ ಹದಿನಾಲ್ಕು ಮನೆಗಳಿಗೆ ನೀರಿನ ಪೈಪ್ ಎಳೆಯಲು ಅರಣ್ಯ ಇಲಾಖೆಗೆ ಅಲೆದು ಒಪ್ಪಿಗೆ ತಂದಳು. ಪೈಪು ಅರ್ಧ ಗುಡ್ಡೆ ಹತ್ತುವಷ್ಟರಲ್ಲಿ ಹದಿನೈದು ತಿಂಗಳು ಮುಗಿಯಿತು. ಶೇಖರ ಮನೆಗೆ ಬಂದ.

"ಇನ್ನು ಬಿಟ್ಟುಕೊಡಿ ಅಕ್ಕ. ಮಾತು ಉಂಟಲ್ಲ?"

"ನೀರು ಮೇಲೆ ಹೋಗದೆ ನಾನು ಬಿಡುವುದಿಲ್ಲ."

"ಪತ್ರ ನನ್ನ ಹತ್ತಿರ ಉಂಟು."

"ಆಫೀಸಿಗೆ ಕೊಡಿ. ನಾನೂ ಅಲ್ಲಿಗೇ ಬರ್ತೇನೆ."

ಅವನು ತಾರೀಕು ತುಂಬಿಸಿ ಪತ್ರವನ್ನು ಪುತ್ತೂರಿನ ಸಹಾಯಕ ಆಯುಕ್ತರಿಗೆ ತಲುಪಿಸಿದ. ಎರಡೇ ದಿನದಲ್ಲಿ ಹರಿಣಾಕ್ಷಿ ಅವರೆದುರು ನಿಂತಿದ್ದಳು.

"ಸಹಿ ನಿಮ್ಮದಾ?"

"ಸಹಿ ನನ್ನದೇ ಸಾರ್. ತಾರೀಕು ನನ್ನದಲ್ಲ. ನಾನು ರಾಜೀನಾಮೆ ಕೊಡುವುದಿಲ್ಲ." ಅಲ್ಲೇ ಬೆಂಚಿನ ಮೇಲೆ ಕೂತು, ಪತ್ರ ಹಿಂತೆಗೆದುಕೊಂಡಿದ್ದೇನೆ ಎಂದು ತನ್ನ ಕೈಯಾರೆ ಬರೆದುಕೊಟ್ಟಳು.

ಪಕ್ಷ ಅವಳನ್ನು ಉಚ್ಚಾಟಿಸಿತು. ಆಮೇಲೆ ಅವಿಶ್ವಾಸ ನಿರ್ಣಯ ಬಂತು. ಅದು ಗೆಲ್ಲಲು ಹನ್ನೆರಡು ಮಂದಿ ಸದಸ್ಯರಲ್ಲಿ ಎಂಟು ಕೈ ಏಳಬೇಕಿತ್ತು.

"ನಾನು ಮಾಡಿದ ತಪ್ಪು ಒಂದಾದರೂ ಹೇಳಿ, ಈಗಲೇ ಏಳ್ತೇನೆ," ಎಂದಳು ಹರಿಣಾಕ್ಷಿ. ಏಳು ಕೈಗಳು ಎದ್ದವು. ಎಲ್ಲರೂ ಕಾಂತಿಯ ಕಡೆ ತಿರುಗಿದರು. ಅವಳ ಕೈ ಮಡಿಲಲ್ಲೇ ಇತ್ತು.

"ನನಗೆ ಅಧ್ಯಕ್ಷೆ ಆಗುವ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ," ಎಂದಳು ಕಾಂತಿ. "ಆದರೆ ಮೊನ್ನೆ ನನ್ನಿಂದಲೂ ಅಂಥದ್ದೇ ಪತ್ರಕ್ಕೆ ಸಹಿ ಹಾಕಿಸಿದ್ದಾರೆ."

ನಿರ್ಣಯ ಬಿದ್ದುಹೋಯಿತು. ಮಾರ್ಚ್‌ನಲ್ಲಿ ಮೇಲಿನ ಮನೆಗಳ ನಳ್ಳಿಯಲ್ಲಿ ನೀರು ಬಂತು.

ಮುಂದಿನ ಚುನಾವಣೆಯಲ್ಲಿ ಹರಿಣಾಕ್ಷಿ ಪಕ್ಷದ ಬೆಂಬಲವಿಲ್ಲದೆ ನಿಂತು ಒಂಬತ್ತು ಮತಗಳಿಂದ ಸೋತಳು. ಬೆಳ್ತಂಗಡಿಯ ಎಣಿಕೆ ಕೇಂದ್ರದ ಹೊರಗೆ ಶೇಖರ ನಗುತ್ತಾ ಎದುರಾದ.

"ಈಗ ಗೊತ್ತಾಯ್ತಾ ಅಕ್ಕ?"

"ಜನ ಇಳಿಸಿದರು, ಇಳಿದೆ ಶೇಖರಣ್ಣ. ನಿಮ್ಮಿಂದ ಆಗಲಿಲ್ಲವಲ್ಲ!"

ಸುತ್ತ ನಿಂತವರು ಕೇಳುವಷ್ಟು ಗಟ್ಟಿಯಾಗಿಯೇ ಹೇಳಿ, ಅವಳು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.