ಜೀವಿತಾಳ ದೋಣಿ

"ಹಂಗೆ ಕೈಯಾಗೆ ಹಿಡ್ಕಂಡಿದ್ರೆ ನಿಂತ್ಕಂತದೇನೇ ಅದು? ಕಟ್ಟು, ಆ ಗೂಟಕ್ಕೆ ಎಳ್ದು ಕಟ್ಟಾಕು!"

ಜ್ಞಾನೇಶ್ ಫೋನಿನ ಪರದೆಯ ಮೇಲೆ ಬೆರಳಿನಿಂದ ಕುಟ್ಟಿ ತೋರಿಸುತ್ತಿದ್ದ. ನೊಣವಿನಕೆರೆಯ ತೋಟದ ಮನೆಯ ಅಂಗಳದಲ್ಲಿ, ಅಟ್ಟದಿಂದ ಇಳಿಸಿದ ಕಾಯಿ ರಾಶಿ ಬಿದ್ದಿತ್ತು. ಸುಲಿಯಲು ಬಂದಿದ್ದ ಭೈರಮ್ಮ, ದುರ್ಗಯ್ಯ ಇಬ್ಬರೂ ಕೆಲಸ ಬಿಟ್ಟು ಅವನ ಹೆಗಲ ಮೇಲಿಂದ ಇಣುಕುತ್ತಿದ್ದರು. ಫೋನಿನಲ್ಲಿದ್ದವಳು ಅವನ ತಂಗಿ ಜೀವಿತಾ. ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸು. ಬಾಡಿಗೆ ಮನೆಯ ಸಹವಾಸ ಸಾಕೆಂದು ಅಲ್ಲಿಯ ನಾಲೆಯಲ್ಲಿ ತೇಲುವ ಉದ್ದನೆಯ ದೋಣಿಮನೆಯೊಂದನ್ನು ಕೊಂಡಿದ್ದಳು. ಜೊತೆಗೊಂದು ಕಂದು ಬಣ್ಣದ ನಾಯಿ. ಅದಕ್ಕೆ ಬೆಲ್ಲ ಅಂತ ಹೆಸರಿಟ್ಟಿದ್ದಳು. ರಜೆ ಸಿಕ್ಕಾಗಲೆಲ್ಲ ಇಬ್ಬರೂ ಮನೆ ಸಮೇತ ಊರೂರು ಸುತ್ತುತ್ತಿದ್ದರು.

ಈ ಸುದ್ದಿ ತಿಳಿದ ದಿನ ಜ್ಞಾನೇಶ್ ರಾತ್ರಿ ಊಟ ಬಿಟ್ಟಿದ್ದ. ಹೆಣ್ಣುಮಗಳು, ಮದುವೆಯಿಲ್ಲ, ನೆಲದ ಮೇಲೊಂದು ಮನೆಯಿಲ್ಲ, ನಾಯಿ ಕಟ್ಟಿಕೊಂಡು ನೀರಿನ ಮೇಲೆ ಸಂಸಾರ! ಆದರೆ ಸಿಟ್ಟು ಎಷ್ಟು ದಿನ ಇದ್ದೀತು? ಈಗ ಅವಳು ವಿಡಿಯೋ ಕಾಲ್ ಮಾಡಿದರೆ ಊರಿನವರನ್ನೆಲ್ಲ ಕರೆದು ತೋರಿಸುವವನೂ ಅವನೇ, ದೋಣಿ ಹೇಗೆ ನಡೆಸಬೇಕೆಂದು ಅಪ್ಪಣೆ ಕೊಡುವವನೂ ಅವನೇ. ಹುಟ್ಟಿದಾಗಿನಿಂದ ಅವನು ದೋಣಿ ಹತ್ತಿರಲಿಲ್ಲ. ಹೇಮಾವತಿ ನಾಲೆಗೆ ನೀರು ಬಿಟ್ಟಾಗ ಏರಿ ಮೇಲೆ ನಿಂತು ನೋಡಿದ್ದೇ ಅವನ ಜಲವಿದ್ಯೆ.

ಆ ದಿನ ಜೀವಿತಾ ಒಂಟಿಯಾಗಿ ಮೊದಲ ಸಲ ನಾಲೆಯ ತೊಟ್ಟಿಯೊಂದರಲ್ಲಿ ದೋಣಿ ಇಳಿಸುತ್ತಿದ್ದಳು. ಆ ನಾಲೆ ದಿಬ್ಬ ಇಳಿಯುವ ಕಡೆಯೆಲ್ಲ ಕಲ್ಲು ಕಟ್ಟಿದ ಆಳವಾದ ತೊಟ್ಟಿಗಳಿದ್ದವು. ಎರಡೂ ತುದಿಗೆ ದೊಡ್ಡ ಬಾಗಿಲು. ದೋಣಿಯನ್ನು ಒಳಗೆ ತಂದು, ಹಿಂದಿನ ಬಾಗಿಲು ಹಾಕಿ, ಮುಂದಿನ ಬಾಗಿಲಿನ ಕಿಂಡಿ ತೆಗೆದರೆ ನೀರು ಹೊರಗೆ ಹರಿದು ದೋಣಿ ಮೆಲ್ಲಗೆ ಕೆಳಗಿಳಿಯುತ್ತದೆ. ಅವಳು ಕಿಂಡಿ ತೆಗೆದಾಗಿತ್ತು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ದೋಣಿಯ ಹಗ್ಗ ಹಿಡಿದು ತೊಟ್ಟಿಯ ಗೋಡೆಯ ಮೇಲೆ ನಿಂತಿದ್ದಳು.

"ಕಟ್ಟಬಾರ್ದಂತೆ ಕಣಣ್ಣ. ಸ್ವಲ್ಪ ಸ್ವಲ್ಪ ಸಡಿಲ ಬಿಡ್ತಾ ಹೋಗ್ಬೇಕಂತೆ. ಇಲ್ಲಿಯವ್ರು ಹೇಳವ್ರೆ."

"ಬುಡೇ, ಅವರೇನು ಹಗ್ಗ ಕಂಡವ್ರೆ? ತೆಂಗಿನ ನಾಡಲ್ಲಿ ಹುಟ್ಟಿ ಗಂಟು ಹಾಕಾಕೆ ಅವರತ್ರ ಕಲಿತೀಯಾ? ಟ್ರಾಕ್ಟರ್ ಲೋಡಿಗೆ ಹಾಕೋ ಗಂಟು ಹಾಕು, ನಾನು ಕಲ್ಸಿದ್ದು. ಎಳ್ದಷ್ಟೂ ಬಿಗಿ ಆಗ್ತದೆ."

ದುರ್ಗಯ್ಯ ಜೋರಾಗಿ ನಕ್ಕ. ಜೀವಿತಾ ಹಿಂದೆ ಮುಂದೆ ನೋಡಿದಳು. ಅಷ್ಟು ಜನರ ಮುಂದೆ ಅಣ್ಣನ ಮಾತು ತೆಗೆದುಹಾಕಲು ಮನಸ್ಸು ಬರಲಿಲ್ಲವೇನೋ, ಫೋನನ್ನು ಗಲ್ಲ ಹೆಗಲಿನ ನಡುವೆ ಸಿಕ್ಕಿಸಿಕೊಂಡು ಗಂಟು ಬಿಗಿದಳು.

"ಈಗ ನೋಡು, ಎಂಗೆ ನಿಂತದೆ!" ಎಂದ ಜ್ಞಾನೇಶ್.

"ನಾಯಿ ಎಲ್ಲವ್ವಾ? ತೋರ್ಸು ತಾಯಿ," ಎಂದಳು ಭೈರಮ್ಮ.

ಕೈ ಬಿಡುವಾಗಿತ್ತಲ್ಲ, ಜೀವಿತಾ ದೋಣಿಗೆ ಇಳಿದಳು. ಪರದೆಯಲ್ಲಿ ಪುಟ್ಟ ಅಡುಗೆಮನೆ, ಸಾಲಾಗಿ ಜೋಡಿಸಿದ ಲೋಟಗಳು, ಬಾಲ ಆಡಿಸುತ್ತಾ ಬಂದ ಬೆಲ್ಲ. ಭೈರಮ್ಮ ನಾಚಿಕೊಂಡು ಅದಕ್ಕೊಂದು ಟಾಟಾ ಮಾಡಿದಳು. ಅಷ್ಟರಲ್ಲಿ ಲೋಟಗಳು ಒಂದೊಂದಾಗಿ ಬಲಕ್ಕೆ ಜಾರತೊಡಗಿದವು.

"ಅಣ್ಣ, ದೋಣಿ ವಾಲ್ತಿದೆ," ಎಂದಳು ಜೀವಿತಾ. ಕೆಳಗೆ ನೀರು ಇಳಿಯುತ್ತಲೇ ಇತ್ತು. ದೋಣಿ ಮಾತ್ರ ಇಳಿಯಲಾಗದೆ ಒಂದು ಪಕ್ಕಕ್ಕೆ ವಾಲಿ ಹಗ್ಗದಲ್ಲಿ ನೇತುಬಿದ್ದಿತ್ತು.

"ಬಿಚ್ಚೇ! ಗಂಟು ಬಿಚ್ಚೇ!"

ಹೇಳುವಾಗಲೇ ಜ್ಞಾನೇಶನಿಗೆ ತಪ್ಪು ಹೊಳೆಯಿತು. ಭಾರ ಬಿದ್ದ ಮೇಲೆ ಆ ಗಂಟನ್ನು ಯಾರೂ ಬಿಚ್ಚಲಾರರು. ಅದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? "ಕುಯ್ಯೇ, ಚಾಕು ತಗೊಂಡು ಕುಯ್ಯೇ!" ಎಂದು ಕಿರುಚಿದ. ಫೋನು ಎಲ್ಲೋ ಬಿತ್ತು. ಒಲೆಯೋ ಏನೋ ಉರುಳಿದ ಸದ್ದು, ನಾಯಿಯ ಕೂಗು, ನೀರು ನುಗ್ಗುವ ಸದ್ದು. ಆಮೇಲೆ ಪರದೆ ಕಪ್ಪಾಯಿತು.

ಜ್ಞಾನೇಶ್ ಎದ್ದು ಓಡಿದ. ಬೈಕು ಹತ್ತಿ ಸ್ಟಾರ್ಟ್ ಮಾಡಿದ, ಗೇರು ಹಾಕಿದ, ಗೇಟಿನ ತನಕ ಹೋದ. ಅಲ್ಲಿ ನಿಂತುಬಿಟ್ಟ. ಎಡಕ್ಕೆ ತಿರುಗಿದರೆ ತಿಪಟೂರು, ಬಲಕ್ಕೆ ತಿರುಗಿದರೆ ತುರುವೇಕೆರೆ. ಇಂಜಿನ್ನು ಡಗಡಗ ಎನ್ನುತ್ತಲೇ ಇತ್ತು. ದುರ್ಗಯ್ಯ ಹಿಂದೆಯೇ ಬಂದು ಕೀ ತಿರುಗಿಸಿ ಆರಿಸಿದ. "ಎಲ್ಲಿಗೋಯ್ತಿ ಗ್ಯಾನೇಶಪ್ಪ? ಇಳಿ," ಎಂದ.

ಅವಳ ನಂಬರಿಗೆ ಮತ್ತೆ ಮತ್ತೆ ಮಾಡಿದರು. ಹೋಗಲಿಲ್ಲ. ಅಲ್ಲಿಯ ಇನ್ನೊಬ್ಬರ ನಂಬರಾದರೂ ಇಸಿದುಕೊಂಡಿರಬಾರದಿತ್ತೇ ಎಂದು ಜ್ಞಾನೇಶ್ ತಲೆ ಚಚ್ಚಿಕೊಂಡ. ಕೊಂದುಬಿಟ್ಟೆ, ಬಾಯಿ ಚಪಲಕ್ಕೆ ಒಡಹುಟ್ಟಿದವಳನ್ನು ಕೊಂದುಬಿಟ್ಟೆ ಎಂಬುದೊಂದೇ ಅವನ ತಲೆಯಲ್ಲಿತ್ತು. ಕಾಯಿ ರಾಶಿಯ ಪಕ್ಕದಲ್ಲಿ ಕುಸಿದು ಕೂತ. ಭೈರಮ್ಮ ಸೆರಗು ಬಾಯಿಗಿಟ್ಟುಕೊಂಡು ಕಂಡ ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದಳು.

ಹೊತ್ತು ಇಳಿಯುತ್ತಿದ್ದಾಗ ಯಾವುದೋ ವಿಚಿತ್ರ ನಂಬರಿನಿಂದ ವಿಡಿಯೋ ಕಾಲ್ ಬಂತು. ಭೈರಮ್ಮನೇ ಒತ್ತಿ ಫೋನನ್ನು ಜ್ಞಾನೇಶನ ಮುಖದೆದುರು ಹಿಡಿದಳು. ಕಂಬಳಿ ಹೊದ್ದು, ಕೂದಲಿಂದ ನೀರು ಸುರಿಸುತ್ತಾ ಜೀವಿತಾ ಹುಲ್ಲಿನ ಮೇಲೆ ಕೂತಿದ್ದಳು. ಅವಳ ಪಕ್ಕದಲ್ಲಿ ಬಿಳಿ ಗಡ್ಡದ ಮುದುಕನೊಬ್ಬ.

"ಬದುಕಿದೀನಿ ಕಣಣ್ಣ. ಈ ತಾತ ಹಿಂದಿನ ದೋಣಿಯವ್ರು, ಓಡಿ ಬಂದು ಕಿಂಡಿ ಮುಚ್ಚಿದ್ರು. ಕೊಡಲಿ ತಂದು ಹಗ್ಗ ಕಡಿದ ಕೂಡ್ಲೆ ದೋಣಿ ಧಡ್ ಅಂತ ಕೆಳಗೆ ಬಿತ್ತು, ನಾನೂ ನೀರಿಗೆ ಬಿದ್ದೆ. ಬೆಲ್ಲ ಮೇಲಕ್ಕೆ ಬರಕ್ಕೆ ಹೋಗಿ ಗೋಡೆಗೂ ದೋಣಿಗೂ ಮಧ್ಯೆ..."

ಅವಳ ಕಾಲ ಬಳಿ ಟವೆಲ್ಲು ಮುಚ್ಚಿದ ಸಣ್ಣದೊಂದು ಗುಡ್ಡೆಯಿತ್ತು. ಟವೆಲ್ಲಿನಾಚೆ ಕಂದು ಬಣ್ಣದ ಬಾಲದ ತುದಿ ಕಾಣುತ್ತಿತ್ತು.

ಮುದುಕ ಗಂಟಿದ್ದ ಹಗ್ಗದ ತುಂಡನ್ನು ಎತ್ತಿ, ಇದನ್ನು ಕಟ್ಟಿದ್ದು ಯಾರು ಎಂಬಂತೆ ಏನೋ ಕೇಳಿದ. ಬೈಗುಳವಲ್ಲ, ನಂಬಲಾಗದವನ ದನಿ. ಜೀವಿತಾ ತಲೆ ತಗ್ಗಿಸಿ, "ಐ ಡಿಡ್," ಎಂದಳು. ಅಷ್ಟು ಇಂಗ್ಲಿಷು ಜ್ಞಾನೇಶನಿಗೂ ಬರುತ್ತಿತ್ತು.

"ಇಲ್ಲ ಕಣ್ರೀ ಯಜಮಾನ್ರೇ!" ಎಂದು ಅವನು ಫೋನಿಗೆ ಕೂಗಿದ. "ಅವಳಲ್ಲ, ನಾನು. ಅವಳು ಬ್ಯಾಡ ಬ್ಯಾಡ ಅಂದ್ಲು, ನಾನೇ ಕಟ್ಸಿದ್ದು. ನಾನೇ ಕಣ್ರೀ ಆ ನಾಯಿ ಸಾಯ್ಸಿದ್ದು."

ಕಟ್ಟೆ ಒಡೆದಂತೆ ಅಳು ಬಂತು. ಆಳುಗಳ ಮುಂದೆ ಅವನು ಅತ್ತದ್ದು ಅದೇ ಮೊದಲು. ಮುದುಕನಿಗೆ ಒಂದಕ್ಷರವೂ ತಿಳಿಯಲಿಲ್ಲ. ಅವನು ಜೀವಿತಾಳ ಕಡೆ ತಿರುಗಿ, ಏನು ಹೇಳುತ್ತಿದ್ದಾನೆ ಎಂಬಂತೆ ಹುಬ್ಬೇರಿಸಿದ.

ಜೀವಿತಾ ಅಣ್ಣನನ್ನು ನೋಡಿದಳು. ಮೂಗು ಒರೆಸಿಕೊಂಡು, "ಮೈ ಬ್ರದರ್," ಎಂದಳು. "ಹಿ ಈಸ್ ಸೇಯಿಂಗ್ ಥ್ಯಾಂಕ್ಯೂ."

ಮುದುಕನ ಕಣ್ಣು ತುಂಬಿತು. ಹಗ್ಗ ಕೆಳಗಿಟ್ಟು, ಈ ಕಡೆಯವರ ರೀತಿ ಎಲ್ಲೋ ನೋಡಿ ತಿಳಿದಿದ್ದನೇನೋ, ಪರದೆಯ ಕಡೆ ಕೈ ಮುಗಿದ. ಭೈರಮ್ಮ ಫೋನನ್ನು ಇನ್ನಷ್ಟು ಎತ್ತಿ ಹಿಡಿದಳು. ಜ್ಞಾನೇಶ್ ಕೈಗಳನ್ನು ಜೋಡಿಸಿದ.