ಬೆರಳಿಗೆ ಬೆರಳು ಸಿಗಬಾರದು

ನೊರೆ ಒಡೆಯುತ್ತಿದೆ, ಮುಂಗೈ ಮೇಲೆ, ಒಂದೊಂದೇ ಗುಳ್ಳೆ, ಕಿವಿಯ ಹತ್ತಿರ ಹಿಡಿದರೆ ಸಣ್ಣಗೆ ಚಿಟಚಿಟ ಎನ್ನುತ್ತದೆ, ಇಷ್ಟು ಬೇಗ ಒಡೆಯುತ್ತಿದೆ ಎಂದರೆ ಶಾಂಪೂ ಕಡಿಮೆಯಾಯಿತೋ ಏನೋ, ಇನ್ನೊಂದು ಮುಚ್ಚಳ ಹಾಕಲೇ, ಹಾಕಿ ಹೆಚ್ಚಾದರೆ ಕಾರಿನ ಮೈ ಉಜ್ಜುವ ಕ್ಲೇ ಮುದ್ದೆಗೆ ಹಿಡಿತವೇ ಇಲ್ಲದೆ ಸುಮ್ಮನೆ ಮೇಲೆ ಮೇಲೆ ಓಡಾಡುತ್ತದೆ — ಅಪ್ಪ ಮುಚ್ಚಳಗಿಚ್ಚಳ ಅಳೆದವರೇ ಅಲ್ಲ, ಬಕೆಟ್ಟಿಗೆ ಕೈ ಅದ್ದಿ ಹೆಬ್ಬೆರಳಿಗೆ ತೋರುಬೆರಳು ಉಜ್ಜಿ ನೋಡುತ್ತಿದ್ದರು, ಬೆರಳಿಗೆ ಬೆರಳು ಸಿಗಬಾರದು ಕಣಮ್ಮ, ಸಿಕ್ತು ಅಂದ್ರೆ ಕ್ಲೇ ಎಳೆಯುತ್ತೆ, ಎಳೀತು ಅಂದ್ರೆ ಗೀರು ಬಿತ್ತು ಅಂತಲೇ ಲೆಕ್ಕ. ನಾನೂ ಉಜ್ಜುತ್ತೇನೆ, ಜಾರುತ್ತದೆ, ಇನ್ನೊಮ್ಮೆ ಉಜ್ಜುತ್ತೇನೆ, ಸಿಕ್ಕಿದಂತಾಗುತ್ತದೆ, ಇಪ್ಪತ್ತು ವರ್ಷದಿಂದ ಕಾರುಗಳ ಮೈ ತಿಕ್ಕಿಕೊಂಡು ಬಂದವಳಿಗೆ ಇವತ್ತು ಒಂದು ಬಕೆಟ್ ಸಾಬೂನು ನೀರು ಬುದ್ಧಿ ಕಲಿಸುತ್ತಿದೆ. ಇದು ಬೇಡವೆಂದರೆ ಬೆಂಚಿನ ಮೇಲೆ ಕ್ಲೇಗೆಂದೇ ಮಾಡಿದ ಸ್ಪ್ರೇ ಇದೆ, ಅಲ್ಲಾಡಿಸಿದರೆ ತಳದಲ್ಲಿ ಒಂದಿಷ್ಟು ಸದ್ದು, ಬಾನೆಟ್ಟಿಗೆ ಸಾಕು ಬಾಗಿಲುಗಳಿಗೆ ಸಾಲದು, ಪಕ್ಕದ್ದು ಹೊಳಪಿನ ಸ್ಪ್ರೇ, ಬೆಣ್ಣೆಯ ಹಾಗೆ ಜಾರುತ್ತದೆ ಆದರೆ ಮೂಗಿಗೆ ಸ್ಪಿರಿಟ್ ಹೊಡೆಯುತ್ತದೆ, ಸ್ಪಿರಿಟ್ ತಗುಲಿದ ಕ್ಲೇ ಪುಡಿಪುಡಿಯಾಗಿ ಪೇಂಟಿಗೆ ಮೆತ್ತಿಕೊಂಡೀತು, ಬರೀ ನೀರಂತೂ ಕೂಡದು, ಪಾತ್ರೆ ತೊಳೆಯುವ ಸೋಪು ಎಂದರೆ ಅಪ್ಪ ಹೊಡೆಯಲು ಬರುತ್ತಿದ್ದರು. ಬರುತ್ತಿದ್ದರು, ಆಗ.

ಬೇರೆ ಕಾರಾಗಿದ್ದರೆ ಇಷ್ಟು ಯೋಚಿಸುತ್ತಿರಲಿಲ್ಲ. ಇದು ಲೆಕ್ಕದ ಟೀಚರ್ ಅವರ ಕಪ್ಪು ಕಾರು, ಅಪ್ಪ ಬಣ್ಣ ಹೊಡೆದ ಕೊನೆಯ ಕಾರು, ಕನ್ನಡಿ ಮೇಸ್ತ್ರಿ ಎಂದು ಊರೆಲ್ಲ ಕರೆಯುತ್ತಿದ್ದ ಮನುಷ್ಯನ ಕೈಯಿಂದ ಹೊರಟವುಗಳಲ್ಲಿ ಕೆಲವು ಗುಜರಿಗೆ ಹೋದವು, ಕೆಲವಕ್ಕೆ ಯಾರೋ ಏನೋ ಬಣ್ಣ ಬಳಿದರು, ಉಳಿದದ್ದು ಇದೊಂದೇ, ಈ ಕಪ್ಪಿಗೆ ಎಷ್ಟು ನೀಲಿ ಬೆರೆಸಿದರೋ ಎಲ್ಲೂ ಬರೆದಿಡಲಿಲ್ಲ, ತಲೆಯಲ್ಲಿತ್ತು, ಆ ತಲೆಯೊಳಗೆ ಒಂದು ನರ ಎಂಟು ತಿಂಗಳ ಹಿಂದೆ ಒಡೆಯಿತು, ಕೈಕಾಲು ಹೋದವು, ಮಾತು ಹೋಯಿತು, ನೀಲಿಯೂ ಹೋಯಿತು. ಕಾರಿನ ಬಣ್ಣದ ಮೇಲಿನ ತಿಳಿ ಪದರ ಎರಡು ಸಲ ಪಾಲಿಶ್ ಮಾಡಿಸಿಕೊಂಡು ಈರುಳ್ಳಿ ಸಿಪ್ಪೆಯಷ್ಟಾಗಿದೆ, ಇನ್ನು ಗೀರು ಬಿದ್ದರೆ ಪಾಲಿಶ್ ಮಾಡಿ ತೆಗೆಯುವ ಹಾಗಿಲ್ಲ, ಹೊಸದಾಗಿ ಹೊಡೆಯೋಣವೆಂದರೆ ಆ ಕಪ್ಪು ಭೂಮಿಯ ಮೇಲೆ ಯಾರ ಹತ್ತಿರವೂ ಇಲ್ಲ. ಟೀಚರ್ ಶಾಲೆ ರೈಲು ಯಾರ್ಡಿನ ಪಕ್ಕ, ಗಾಳಿಯಲ್ಲೆಲ್ಲ ಕಬ್ಬಿಣದ ಪುಡಿ, ಎಷ್ಟು ತೊಳೆದರೂ ಬಿಡದು, ಒರಟು ತಿಳಿಯಲೆಂದು ಪ್ಲಾಸ್ಟಿಕ್ ಕವರಿನೊಳಗೆ ಕೈ ತೂರಿಸಿ ಬಾನೆಟ್ ಸವರಿದರೆ ಉಪ್ಪು ಕಾಗದ ಸವರಿದ ಹಾಗೆ, ಅದನ್ನು ಕಿತ್ತು ತೆಗೆಯಲೆಂದೇ ಈ ಕ್ಲೇ, ನಾದಿದ ಹಿಟ್ಟಿನಂಥ ಅಂಟು ಮುದ್ದೆ. ನಿಮ್ಮ ತಂದೆ ಕೈಯದ್ದು, ನೀವೇ ಮಾಡಿ, ಐದು ಗಂಟೆಗೆ ಬರ್ತೀನಿ ಎಂದು ಹೋದರು ಟೀಚರ್, ಬಂದಾಗಲೆಲ್ಲ ಅವರು ಮೊದಲು ಹೋಗುವುದು ಅಪ್ಪ ಮಲಗಿರುವ ಕಿಟಕಿಯ ಹತ್ತಿರ, ಮೇಸ್ತ್ರಿ, ನಿಮ್ಮ ಕಾರು ಹೇಗಿದೆ ನೋಡಿ ಹೇಳಿ ಎನ್ನುತ್ತಾರೆ, ಆಗ ಅಪ್ಪನ ಕಣ್ಣು ಬಾನೆಟ್ಟಿನಿಂದ ಡಿಕ್ಕಿಯವರೆಗೆ ನಿಧಾನವಾಗಿ ಹೋಗಿ ಬರುತ್ತದೆ. ಅವರಿಗೆ ಉಳಿದಿರುವ ಕೆಲಸ ಅದೊಂದೇ.

ಶೆಡ್ಡಿಗೂ ಹಿಂದಿನ ಕೋಣೆಗೂ ನಡುವೆ ಆ ಕಿಟಕಿ ಇಡಿಸಿದ್ದು ಅಪ್ಪನೇ, ಊಟ ಮಾಡುತ್ತಲೇ ಕೆಲಸಗಾರರ ಮೇಲೆ ಕಣ್ಣಿಡಲು, ಈಗ ಮಂಚ ಅದಕ್ಕೆ ಆತುಕೊಂಡಿದೆ, ಎಡಗೈ ಕಿಟಕಿಯ ಕಟ್ಟೆಯ ಮೇಲೆ, ಇಡೀ ಮೈಯಲ್ಲಿ ಅವರು ಹೇಳಿದಂತೆ ಕೇಳುವುದು ಆ ಕೈಯ ತೋರುಬೆರಳು ಮಾತ್ರ. ಬೆರಳು ಎತ್ತಿದ್ರೆ ನೀರು ಬೇಕು ಅಂತ ತಿಳ್ಕೊಳ್ಳಿ ಅಕ್ಕ ಎಂದು ಮೊದಲ ವಾರವೇ ನರ್ಸಮ್ಮ ಹೇಳಿಕೊಟ್ಟಳು, ಹಾಗೇ ನಡೆದುಕೊಂಡು ಬಂದಿದ್ದೇನೆ, ಎದ್ದ ಬೆರಳು ನಿಲ್ಲಲಾರದೆ ಮುಂದಕ್ಕೆ ಬಾಗುತ್ತದೆ, ಪಾಪ, ತ್ರಾಣವಿಲ್ಲ. ಮೈ ಒರೆಸುವಾಗಲೂ ಇದೇ ಗೋಳು, ಒಣ ಬಟ್ಟೆ ಎಳೀಬೇಡಿ, ಚರ್ಮ ಕಾಗದ ಆಗಿದೆ, ಕ್ರೀಮ್ ಹಚ್ಚಿ ಜಾರಿಸಿ ಎಂದಿದ್ದಳು, ಹೋದ ತಿಂಗಳು ಅವಸರದಲ್ಲಿ ಎಳೆದೆ, ಮೊಣಕೈಯ ಹತ್ತಿರ ಸಿಪ್ಪೆ ಎದ್ದು ಬಂತು, ಅಯ್ಯೋ ಎನ್ನಲೂ ಆಗದೆ ಅಪ್ಪ ನನ್ನನ್ನೇ ನೋಡಿದರು, ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವತ್ತಿನಿಂದ ನನ್ನ ಕೈ ಕಂಡರೆ ನನಗೇ ಹೆದರಿಕೆ.

ಇರಲಿ, ಸಾಬೂನು ನೀರೇ ಇರಲಿ, ಅಪ್ಪನ ಪದ್ಧತಿ, ಅಪ್ಪನ ಕಾರು. ನೀರು ಚಿಮುಕಿಸು, ಕ್ಲೇ ಚಪ್ಪಟೆ ಮಾಡು, ಎರಡು ಬೆರಳಿನ ಭಾರ ಸಾಕು, ಸುತ್ತು ಹೊಡೆಸಬೇಡ, ನೇರ ಹೋಗು ನೇರ ಬಾ, ಮೊದಲು ಕರಕರ, ಆಮೇಲೆ ಸದ್ದು ಅಡಗುತ್ತದೆ, ಅಡಗಿತು, ಬಾನೆಟ್ಟಿನ ಒಂದು ಮೂಲೆ ಗಾಜಿನಂತಾಯಿತು, ಪರವಾಗಿಲ್ಲ ಕಣೆ ಎಂದು ನನಗೆ ನಾನೇ ಹೇಳಿಕೊಳ್ಳುವಷ್ಟರಲ್ಲಿ ಜಾರಿತು, ಕೈಯಿಂದಲೇ, ಬಾನೆಟ್ಟಿನ ಆಚೆ ಬದಿಗೆ, ಕಿಟಕಿಯ ಕಡೆಗೆ — ಕಾರು ಸುತ್ತಿಕೊಂಡು ಓಡುತ್ತೇನೆ, ಸದ್ಯ, ಚಕ್ರದ ಪಕ್ಕ ಮಂಡಿಯೂರಲು ಹಾಸಿದ್ದ ಟವೆಲಿನ ಮೇಲೆ ಕೂತಿದೆ, ನೆಲಕ್ಕೆ ಬಿದ್ದಿಲ್ಲ. ನೆಲ ಮುಟ್ಟಿದ ಕ್ಲೇ ಸತ್ತ ಹಾಗೆ, ಹಿಂದೆಮುಂದೆ ನೋಡದೆ ಬಿಸಾಕು, ಅಪ್ಪನ ಮೊದಲ ಪಾಠ ಅದು, ಆದರೆ ಇದು ಟವೆಲು, ಬೆಳಿಗ್ಗೆ ಒಗೆದದ್ದು, ಇರುವುದೂ ಇದೊಂದೇ ತುಂಡು, ಅಂಗಡಿಯವನು ನಾಳೆ ಎಂದಿದ್ದಾನೆ, ಬಕೆಟ್ಟಿನಲ್ಲಿ ಅದ್ದಿ ಮಡಚಿ ನಾದುತ್ತೇನೆ. ಕಿಟಕಿಯಲ್ಲಿ ಬೆರಳು ಎದ್ದಿದೆ. ಬಂದೆ ಅಪ್ಪ, ಕೈ ಒರೆಸಿಕೊಂಡು ಚಮಚದಲ್ಲಿ ನೀರು, ಒಂದು, ಎರಡು, ನುಂಗುತ್ತಿಲ್ಲ, ಬಾಯಿಯ ಮೂಲೆಯಿಂದ ಹರಿದು ಕುತ್ತಿಗೆಗೆ ಇಳಿಯುತ್ತಿದೆ, ಒರೆಸುತ್ತೇನೆ, ಮೆಲ್ಲಗೆ, ಎಳೆಯದೆ, ಅವರು ನನ್ನನ್ನು ನೋಡುತ್ತಿಲ್ಲ. ನನ್ನ ಭುಜದಾಚೆ ಶೆಡ್ಡನ್ನು ನೋಡುತ್ತಿದ್ದಾರೆ.

ದೀಪ ಹಿಡಿದರೆ ಗೀರು. ಕೂದಲೆಳೆಯಂಥದ್ದು, ನೇರ, ನನ್ನ ಕೈ ಹೋಗಿ ಬಂದ ದಾರಿಯಲ್ಲೇ, ಮೊದಲಿನ ಮೂಲೆಯಲ್ಲಿ ಇಲ್ಲ, ನೀರು ಕುಡಿಸಿ ಬಂದು ಈಗ ಉಜ್ಜಿದ ನಡುಭಾಗದಲ್ಲಿ, ಎರಡಲ್ಲ ಮೂರು, ಹೇಳಿರಲಿಲ್ಲವೇ ನೊರೆ ಒಡೆಯುತ್ತಿದೆ ಎಂದು, ಬೆರಳಿಗೆ ಬೆರಳು ಸಿಗುತ್ತಿತ್ತು, ಗೊತ್ತಿದ್ದೂ ಉಜ್ಜಿದೆ, ಬಕೆಟ್ ಚೆಲ್ಲಿ ಸ್ಪ್ರೇ ಹಿಡಿದೆ, ದಪ್ಪಗೆ, ಜಿಪುಣತನ ಬೇಡ, ನೇರ ಹೋಗು ನೇರ ಬಾ, ದೀಪ — ಇನ್ನೂ ಎರಡು. ಬೆರಳು. ಈಗ ತಾನೇ ಕುಡಿಸಿದೆನಲ್ಲಪ್ಪ, ಸ್ವಲ್ಪ ತಡೆದುಕೊಳ್ಳಬಾರದಾ, ದನಿ ಜೋರಾಯಿತು, ಆಗಬಾರದಿತ್ತು, ಆದರೂ ಹೋಗಿ ಒಂದು ಚಮಚ ಹಿಡಿದೆ, ತುಟಿ ಬಿಗಿ ಹಿಡಿದಿದ್ದಾರೆ, ಗಲ್ಲದ ಮೇಲೆ ಚೆಲ್ಲಿತು. ಸ್ಪ್ರೇ ಹಳೆಯದೋ ಏನೋ, ತಳಕ್ಕೆ ಬಂದಿತ್ತಲ್ಲ, ಕೆಟ್ಟಿರಬೇಕು, ಹಾಗಾದರೆ ಹೊಳಪಿನದೇ ಗತಿ, ಪುಡಿಯಾದರೆ ಆಗಲಿ, ಒರೆಸಿಕೊಳ್ಳಬಹುದು, ಜಾರಿದರೆ ಸಾಕು, ಜಾರುತ್ತಿದೆ, ಎಷ್ಟು ಚೆನ್ನಾಗಿ ಜಾರುತ್ತಿದೆ, ಸದ್ದೇ ಇಲ್ಲ, ದೀಪ — ಉದ್ದಕ್ಕೂ ಬಿದ್ದಿವೆ, ಇಲ್ಲಿಂದ ಅಲ್ಲಿಯವರೆಗೆ, ಅಪ್ಪನ ಕಪ್ಪಿನ ಮೇಲೆ, ಬೆಳ್ಳಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಕೆಲಸಗಾರರು ಪಾಲಿಶ್ ಸರಿಯಿಲ್ಲ ಬಟ್ಟೆ ಸರಿಯಿಲ್ಲ ಎಂದಾಗಲೆಲ್ಲ ಅಪ್ಪ ಈ ಕಿಟಕಿಯಿಂದಲೇ ಕೂಗುತ್ತಿದ್ದರು, ಬಾಯಿ ತುಂಬ ಅನ್ನ ಇಟ್ಟುಕೊಂಡೇ. ನಾಲ್ಕೂಮುಕ್ಕಾಲು.

ಇನ್ನೇನು ಉಳಿದಿದೆ, ಯಾವ ಬಾಟಲಿ, ಯಾವ ನೀರು, ಕೈಯಲ್ಲಿರುವ ಮುದ್ದೆಯನ್ನು ಸುಮ್ಮನೆ ಬಿಡಿಸುತ್ತೇನೆ, ಮಡಿಕೆಯ ಮೇಲೆ ಮಡಿಕೆ, ಬಿಡಿಸುತ್ತ ಹೋದರೆ ಮಿಣ್ಣಗೆ ಏನೋ ಹೊಳೆಯಿತು, ಉಗುರಿನಿಂದ ಕೆದಕಿದೆ, ಮರಳಿನ ಹರಳು, ಸಾಸಿವೆಯ ಅರ್ಧದಷ್ಟೂ ಇಲ್ಲ. ಟವೆಲಿನಲ್ಲಿ ಮರಳೆಲ್ಲಿಂದ. ಚಕ್ರದ ಹತ್ತಿರ ಹೋಗಿ ಕೂರುತ್ತೇನೆ, ಟವೆಲಿನಿಂದ ಒಂದು ಗೇಣು ಆಚೆ ಸಿಮೆಂಟು ನೆಲದ ಧೂಳಿನಲ್ಲಿ ದುಂಡಗೆ ಒಂದು ಒದ್ದೆ ಗುರುತು, ಆರುತ್ತ ಬಂದಿದೆ, ಅಲ್ಲಿ ಬಿದ್ದು, ಉರುಳಿ, ಆಮೇಲೆ ಟವೆಲ್ ಹತ್ತಿದೆ, ನಾನು ಕಾರಿನ ಆ ಬದಿಯಲ್ಲಿದ್ದೆ, ನಾನು ನೋಡಿದ್ದು ಕೂತದ್ದನ್ನು, ಬಿದ್ದದ್ದನ್ನಲ್ಲ, ಬಿದ್ದದ್ದನ್ನು ನೋಡಿದವರು ಯಾರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಬಾಟಲಿ ಮೇಲೆ ಬಾಟಲಿ ಬದಲಾಯಿಸಿದೆ, ಬಾಯಾರಿಕೆ ಇಲ್ಲದ ಮನುಷ್ಯನ ಬಾಯಿಗೆ ನೀರು ಸುರಿದೆ, ಗದರಿದೆ, ಅವರಿಗೆ ನೀರು ಬೇಕಿರಲಿಲ್ಲ, ಈ ಎಂಟು ತಿಂಗಳಲ್ಲಿ ಇನ್ನೂ ಎಷ್ಟು ಸಲ ಬೇಕಿರಲಿಲ್ಲವೋ, ಫ್ಯಾನು ಎಂದಿದ್ದರೋ, ನೋವು ಎಂದಿದ್ದರೋ, ಇಲ್ಲೇ ಕೂತ್ಕೋ ಎಂದಿದ್ದರೋ, ಎಲ್ಲಕ್ಕೂ ಒಂದೇ ಉತ್ತರ, ಚಮಚ. ಗೇಟಿನ ಸದ್ದು, ಚಪ್ಪಲಿಯ ಸದ್ದು, ಟೀಚರ್ ನನ್ನನ್ನು ದಾಟಿಕೊಂಡು ಎಂದಿನಂತೆ ನೇರ ಕಿಟಕಿಗೆ ಹೋಗುತ್ತಾರೆ, ಮೇಸ್ತ್ರಿ, ನಿಮ್ಮ ಕಾರು ಹೇಗಿದೆ ನೋಡಿ ಹೇಳಿ, ನಾನು ಬಾನೆಟ್ಟಿಗೆ ಅಡ್ಡ ನಿಂತುಕೊಂಡಿದ್ದೇನೆ, ಎಷ್ಟು ಅಡ್ಡ ನಿಂತರೂ ಅಷ್ಟುದ್ದದ ಗೀರು ಮುಚ್ಚುವುದಿಲ್ಲ, ಪಾಪ ಬಾಯಾರಿಕೆ ಅಂತ ಕಾಣುತ್ತೆ, ನೀರು ಕೊಡಮ್ಮ ಎನ್ನುತ್ತಾರೆ ಟೀಚರ್, ಕಟ್ಟೆಯ ಮೇಲೆ ಬೆರಳು, ಎದ್ದು, ಮುಂದಕ್ಕೆ ಬಾಗಿ, ತ್ರಾಣವಿಲ್ಲದೆ ಅಲ್ಲ, ನೆಲ ತೋರಿಸಿಕೊಂಡು, ಆ ಬೆರಳು, ಇನ್ನೂ ಇಳಿಸಿಲ್ಲ, ಆ ಬೆರಳು