ಮೂವರಿಗೂ ಒಬ್ಬನೇ ಅನ್ಸೆಲ್ಮೊ

ನಮ್ಮ ಆಸ್ಪತ್ರೆಯ ಮನೋಚಿಕಿತ್ಸಾ ವಿಭಾಗದಲ್ಲಿ ಚಿಕಿತ್ಸಕರು ಮೂವರು, ಪಂಥಗಳು ಮೂರು. ಒಂದೇ ಬುರುಡೆಯಲ್ಲಿ ಮಾಟೆ ಸೊಪ್ಪಿನ ಕಷಾಯ ಕುಡಿಯುವುದೂ ಇವರಿಂದಾಗದು. ಬ್ಯೂನಸ್ ಐರಿಸ್‌ನಲ್ಲಿ ಹತ್ತು ಜನ ಸೇರಿದರೂ ಒಂದೇ ಸೋರೆಬುರುಡೆ, ಒಂದೇ ಕೊಳವೆ ಕೈಯಿಂದ ಕೈಗೆ ತಿರುಗುತ್ತದೆ. ಸಾಕಾದವನು ‘ಥ್ಯಾಂಕ್ಸ್’ ಅಂದರೆ ಅವನ ಸರದಿ ಮುಗಿಯಿತು. ಒಬ್ಬನಾದರೂ ಹಾಗನ್ನದೆ ಕೂತಿರುವ ತನಕ ಬಿಸಿನೀರು ಸುರಿಯುವವನು ಕೆಟಲ್ ಬಿಟ್ಟು ಏಳುವಂತಿಲ್ಲ. ನಮ್ಮ ವಿಭಾಗದಲ್ಲಿ ಗ್ರಿಸೆಲ್ಡಾಗೆ ಸಕ್ಕರೆ ಹಾಕಿದ ಬುರುಡೆ, ಒಸ್ಮಾರ್‌ಗೆ ಕಹಿ ಬುರುಡೆ. ಸ್ಲುಟ್ಸ್ಕಿ ಡಾಕ್ಟರಿಗೆ ಹೊಟ್ಟೆಹುಣ್ಣು. ಬುರುಡೆ ಕಂಡ ಕೂಡಲೇ ಥ್ಯಾಂಕ್ಸ್ ಅಂದು ತಮ್ಮ ಟೀ ಲೋಟಕ್ಕೆ ಕೈ ಹಾಕುತ್ತಾರೆ.

ನಾನು ಝುಲೆಮಾ, ಇಪ್ಪತ್ತಾರು ವರ್ಷದಿಂದ ಇಲ್ಲಿನ ಗುಮಾಸ್ತೆ. ರೋಗಿಗಳಿಗೆ ಸರದಿ ಚೀಟಿ ಕೊಡುವವಳು, ಕಡತ ಇಡುವವಳು, ಗುರುವಾರದ ಸಭೆಯಲ್ಲಿ ಮೂಲೆಯಲ್ಲಿ ಕೂತು ಬರೆದುಕೊಳ್ಳುವವಳು. ಎಪ್ಪತ್ತು ದಾಟಿದ ಸ್ಲುಟ್ಸ್ಕಿ ಮನೋವಿಶ್ಲೇಷಣೆಯವರು. ರೋಗಿ ಮಾತಾಡಬೇಕು, ಇವರು ಕೇಳಬೇಕು, ಬೇಕಾದರೆ ಹತ್ತು ವರ್ಷ. ಗ್ರಿಸೆಲ್ಡಾ ಯೋಚನೆ ತಿದ್ದುವ ಪಂಥದವಳು. ಹದಿನಾರು ವಾರ, ಮನೆಗೆಲಸದ ಪಟ್ಟಿ, ಗುರುತು ಹಾಕು, ಮುಗಿಯಿತು. ಒಸ್ಮಾರ್‌ನದು ಕುಟುಂಬ ಚಿಕಿತ್ಸೆ. ಒಬ್ಬನಿಗೆ ನೆಗಡಿಯಾದರೂ ಅವನ ಅತ್ತೆಯನ್ನು ಕರೆಸು ಅನ್ನುವ ಜಾತಿ.

ಮೂರೂ ಪಂಥ ಒಪ್ಪುವಂಥದ್ದು ಏನಾದರೂ ಇದ್ದರೆ ಒಂದು ಪುಟದಲ್ಲಿ ಬರೆದುಕೊಡಿ ಎಂದು ಮೇಲಿನವರು ಕೇಳಿದ್ದರು. ಮೂರು ಗುರುವಾರ ಕಚ್ಚಾಡಿದ ಮೇಲೆ ಪುಟದ ಮೇಲೆ ಬಿದ್ದಿದ್ದು ದಿನಾಂಕ ಮಾತ್ರ. ಕೊನೆಗೆ ಒಬ್ಬೊಬ್ಬರೂ ಚೆನ್ನಾಗಿ ಸುಧಾರಿಸಿದ ಒಬ್ಬ ರೋಗಿಯ ಕಥೆ ತರಬೇಕು, ಏಕೆ ಸುಧಾರಿಸಿದ ಎಂದು ಹೇಳಬೇಕು ಎಂದಾಯಿತು. ಇಂಥ ಸಭೆಯಲ್ಲಿ ರೋಗಿಯ ಹೆಸರು, ವಯಸ್ಸು, ಕಸುಬು ಎಲ್ಲವನ್ನೂ ಬದಲಿಸುವುದು ಇವರ ಧರ್ಮ. ಆ ಒಂದರಲ್ಲಿ ಮಾತ್ರ ಮೂವರೂ ಭಾರೀ ನಿಷ್ಠಾವಂತರು.

ಜೂನ್, ಅಂದರೆ ಇಲ್ಲಿ ಚಳಿಗಾಲದ ಬೆಳಿಗ್ಗೆ. ಸ್ಲುಟ್ಸ್ಕಿ ಮೊದಲು ಶುರುಮಾಡಿದರು.

“ಒಬ್ಬ ಗಡಿಯಾರ ರಿಪೇರಿಯವನು ಅನ್ನಿ. ಎರಡು ವರ್ಷ ಅಪ್ಪನ ಮೇಲೆ ಸಿಟ್ಟು, ಅಳು. ಈ ಸೋಮವಾರ ಶಾಂತ. ‘ಇನ್ನು ಹೇಳೋಕೆ ಏನೂ ಉಳಿದಿಲ್ಲ ಡಾಕ್ಟ್ರೇ’ ಅಂದ. ನನ್ನ ಕೋಣೆಯ ಕುರ್ಚಿ ಅಲ್ಲಾಡುತ್ತೆ ಅಂತ ಕಾಗದ ಮಡಚಿ ಅದರ ಕಾಲಿನ ಕೆಳಗೆ ಇಟ್ಟೇ ಕೂರ್ತಾನೆ. ಗಮನಿಸಿ, ಅಲ್ಲಾಡ್ತಿರೋದು ಅಪ್ಪ.”

“ಅಲ್ಲಾಡ್ತಿರೋದು ಕುರ್ಚಿ ಸ್ವಾಮಿ, ಬಡಗೀನ ಕರೆಸಿ,” ಎಂದ ಒಸ್ಮಾರ್.

ಗ್ರಿಸೆಲ್ಡಾ ನಗುತ್ತಲೇ ತನ್ನ ಹಾಳೆ ತೆಗೆದಳು. “ನನ್ನೋರು ದರ್ಜಿ ಅಂತಿಟ್ಕೊಳ್ಳಿ. ಹದಿನಾಲ್ಕನೇ ವಾರ. ಮನೆಯಿಂದ ಒಂದೊಂದೇ ಹಳೇ ಸಾಮಾನು ತೆಗೀರಿ ಅಂದಿದ್ದೆ. ಪೂರಾ ಮನೇನೇ ಖಾಲಿ ಮಾಡಿದಾರೆ! ಹೊಲಿಗೆ ಮಿಷನ್ನೂ ಒಂದು ಶಾಲೆಗೆ ಕೊಟ್ಟುಬಿಟ್ರಂತೆ. ಎಂಟು ಗಂಟೆ ನಿದ್ದೆ. ಪಟ್ಟೀಲಿ ಎಲ್ಲಕ್ಕೂ ಗುರುತು. ಬಿಡದೇ ಇರೋದು ಒಂದೇ ಚಾಳಿ. ಕೂರೋಕೆ ಮುಂಚೆ ಚೀಟಿ ಮಡಚಿ ಕುರ್ಚಿ ಕಾಲಿಗೆ ಇಡೋದು.”

ನನ್ನ ಪೆನ್ನು ನಿಂತಿತು.

ಒಸ್ಮಾರ್ ಕಹಿ ಮಾಟೆ ಹೀರುತ್ತ ಹೇಳಿದ. “ಅದೇನು ಮಹಾ? ನಮ್ಮ ಲಾರಿ ಮೆಕ್ಯಾನಿಕ್ಕೂ ಇಡ್ತಾನೆ. ಅದಿರ್ಲಿ, ಹನ್ನೊಂದು ವರ್ಷ ತಂಗಿ ಮುಖ ನೋಡಿರಲಿಲ್ಲ. ಹೋದ ವಾರ ತಾನಾಗೇ ಹೋಗಿ ಕ್ಷಮೆ ಕೇಳಿದಾನೆ. ಸಾಕಿದ ನಾಯೀನೂ ಅವಳ ಕೈಗಿಟ್ಟು ಬಂದ. ಮುಂದಿನ ವಾರ ಬರಲ್ಲ, ಮೀನು ಹಿಡಿಯೋಕೆ ಹೋಗ್ತೀನಿ ಅಂದ. ಇನ್ನೇನು ಬೇಕು?”

“ನನ್ನವರೂ ಬರಲ್ಲ. ತಂಗಿ ಮನೆಗೆ,” ಎಂದಳು ಗ್ರಿಸೆಲ್ಡಾ, ತುಸು ನಿಧಾನವಾಗಿ.

“ನನಗೆ ಊರಿಗೆ ಹೋಗ್ತೀನಿ ಅಂದ,” ಎಂದರು ಸ್ಲುಟ್ಸ್ಕಿ.

ಸೋಮವಾರ ಸಂಜೆ ಗುಡಿಸುವಾಗ ಸ್ಲುಟ್ಸ್ಕಿಯವರ ಕುರ್ಚಿಯ ಕೆಳಗಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆಯುವವಳು ನಾನು. ಅದು ನಾನೇ ಕೊಟ್ಟ ಸರದಿ ಚೀಟಿ. ಮಡಚುವವನು ಯಾರೆಂದು ನನಗೆ ಗೊತ್ತು; ಮೂವರ ಕಡತಗಳೂ ಬೇರೆ ಬೇರೆ ಬೀರುವಿನಲ್ಲಿ, ಅವನು ಉಳಿದಿಬ್ಬರ ಹತ್ತಿರವೂ ಹೋಗುತ್ತಾನೆಂದು ಈವರೆಗೆ ಹೊಳೆದಿರಲಿಲ್ಲ. ಹೆಸರು, ವಯಸ್ಸು, ಕಸುಬು ಬದಲಿಸಿದ ಈ ಜಾಣರು ಚೀಟಿಯೊಂದನ್ನು ಬದಲಿಸಿರಲಿಲ್ಲ. ಅವರವರ ಪಂಥಕ್ಕೆ ಅದೇ ಮುತ್ತು ರತ್ನ.

“ಮೂರೂ ಒಬ್ಬನೇ,” ಎಂದೆ. “ಒಂದೇ ಮನುಷ್ಯ ನಿಮ್ಮ ಮೂವರ ಹತ್ರಾನೂ ಬರ್ತಿದಾನೆ.”

“ಝುಲೆಮಾ, ನೀನು ಬರ್ಕೋ,” ಎಂದರು ಸ್ಲುಟ್ಸ್ಕಿ.

“ಏನು ಬರ್ಕೊಳ್ಳಲಿ? ಮನೆ ಖಾಲಿ ಮಾಡಿದ. ಕಸುಬಿನ ಸಾಮಾನು ಕೊಟ್ಟ. ಸಾಕಿದ ಪ್ರಾಣಿ ಕೊಟ್ಟ. ತಂಗಿ ಹತ್ರ ಕ್ಷಮೆ ಕೇಳಿದ. ನಿದ್ದೆ ಬಂತು. ಹೇಳೋಕೆ ಏನೂ ಉಳಿದಿಲ್ಲ ಅಂದ. ಮೂವರಿಗೂ ಮೂರು ಕಡೆ ಹೇಳಿದ. ಕೂಡಿಸಿ ನೋಡಿ, ಎಲ್ಲಿಗೆ ಹೊರಟಿದಾನೆ?”

ನನ್ನ ತಮ್ಮ ತಾನೇ ಜೀವ ಕಳೆದುಕೊಂಡ ವಾರ ತನ್ನ ಗಿಟಾರ್ ತಂದು ನನಗೆ ಕೊಟ್ಟಿದ್ದ. ಎಷ್ಟು ಹಗುರಾಗಿ ನಗುತ್ತಿದ್ದ! ಅಂತೂ ಹುಡುಗ ಸರಿಹೋದ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಆ ನಾಚಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಗ್ರಿಸೆಲ್ಡಾ ತನ್ನ ಹಾಳೆ ಕೆಳಗಿಟ್ಟಳು. “ಹೆಸರು ಹೇಳಿ ಡಾಕ್ಟ್ರೇ.”

“ರೋಗಿಯ ಹೆಸರು ಹೊರಗೆ ಹಾಕೋದು ದ್ರೋಹ. ನಲವತ್ತು ವರ್ಷದಲ್ಲಿ ಒಮ್ಮೆಯೂ ಮಾಡಿಲ್ಲ.”

“ಸತ್ತ ಮೇಲೆ ಗೋರಿ ಮೇಲೆ ಓದ್ತೀರಾ?” ಒಸ್ಮಾರ್ ಮೇಜು ಗುದ್ದಿದ.

ನಾನು ದಿನಾಂಕ ಮಾತ್ರ ಇದ್ದ ಆ ಪುಟವನ್ನೇ ಮೂರು ತುಂಡು ಮಾಡಿದೆ. “ಒಬ್ಬರಿಗೊಬ್ಬರು ಹೇಳಬೇಡಿ. ಬರೆದು ನನಗೆ ಕೊಡಿ. ಕಡತ ಇಡೋಳು ನಾನೇ ತಾನೆ? ಬೇರೆ ಬೇರೆ ಹೆಸರಿದ್ರೆ ಇಲ್ಲೇ ನುಂಗಿಬಿಡ್ತೀನಿ.”

ಸ್ಲುಟ್ಸ್ಕಿ ಕೊನೆಗೆ ಬರೆದರು. ಮೂರು ತುಂಡಿನಲ್ಲೂ ಒಂದೇ ಹೆಸರು: ಅನ್ಸೆಲ್ಮೊ ಕಿರೋಗಾ. ಪಿಯಾನೊ ಶ್ರುತಿ ಮಾಡುವವನು, ಅರವತ್ತೆರಡು ವರ್ಷ, ಬೊಯೆದೊ ಬಡಾವಣೆಯಲ್ಲಿ ಮನೆ.

ಫೋನ್ ಮಾಡಿದೆ. ಹದಿನೆಂಟು ಸಲ ರಿಂಗಾಯಿತು, ಯಾರೂ ಎತ್ತಲಿಲ್ಲ. ಆಂಬುಲೆನ್ಸ್‌ನವರು ಒಂದು ಗಂಟೆ ಆಗುತ್ತದೆ ಎಂದರು. ತಂಗಿ ದೆಲಿಯಾಗೂ ಫೋನ್ ಮಾಡಿದೆ; ಅವಳಿರುವುದು ಲಾ ಪ್ಲಾತಾ ಊರಿನಲ್ಲಿ. “ಅಣ್ಣ ಹಕ್ಕಿ ಪಂಜರ ಕೊಟ್ಟು ಹೋದ. ಯಾಕೆ, ಏನಾಯ್ತು?” ಎಂದು ಕೇಳಿದವಳು ಉತ್ತರಕ್ಕೂ ಕಾಯದೆ “ಈಗಲೇ ಹೊರಟೆ” ಎಂದಳು. ಅವಳು ಬರಲು ಎರಡು ಗಂಟೆಯಾದರೂ ಬೇಕು.

ಒಂದು ಟ್ಯಾಕ್ಸಿಯಲ್ಲಿ ನಾಲ್ವರೂ ತುರುಕಿಕೊಂಡೆವು. ಅಲ್ಲೂ ಜಗಳ ನಿಲ್ಲಲಿಲ್ಲ.

“ಹೋಗಿ ಸುಮ್ನೆ ಕೂರಬೇಕು. ಅವನೇ ಮಾತಾಡ್ಲಿ,” ಎಂದರು ಸ್ಲುಟ್ಸ್ಕಿ.

“ನೇರವಾಗಿ ಕೇಳ್ಬೇಕು, ಸಾಯೋ ಯೋಚನೆ ಇದೆಯಾ ಅಂತ. ಕೇಳಿದ್ರೆ ಯಾರೂ ಸಾಯಲ್ಲ,” ಎಂದಳು ಗ್ರಿಸೆಲ್ಡಾ.

“ತಂಗಿ ಬರೋವರೆಗೆ ಬಾಯಿ ಬಿಡಬೇಡಿ ಇಬ್ರೂ,” ಎಂದ ಒಸ್ಮಾರ್ ಮುಂದಿನ ಸೀಟಿನಿಂದ.

ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ನೋಡಿದ. “ಯಾರಾದ್ರೂ ಒಬ್ರು ಹೇಳಿ, ಬೇಗ ಹೋಗ್ಬೇಕಾ?”

“ಬೇಗ!” ಮೂವರೂ ಒಟ್ಟಿಗೇ ಕೂಗಿದರು. ಕಿರಿದಾದ ಬೀದಿಯಲ್ಲಿ ಕಸದ ಲಾರಿಯೊಂದು ಅಡ್ಡ ನಿಂತಿತ್ತು. ಸ್ಲುಟ್ಸ್ಕಿ ಗ್ರಿಸೆಲ್ಡಾಳ ಕೈ ಹಿಡಿದುಕೊಂಡದ್ದು ಅವರಿಗೇ ಗೊತ್ತಿತ್ತೋ ಇಲ್ಲವೋ.

ಉದ್ದ ಓಣಿಯ ತುದಿಯಲ್ಲಿ ಹಸಿರು ಬಾಗಿಲು. ಗಂಟೆ ಒತ್ತಿದೆವು, ಬಾಗಿಲು ತಟ್ಟಿದೆವು. ಒಸ್ಮಾರ್ ಹೆಗಲು ಕೊಟ್ಟು ಒಡೆಯಲು ಹಿಂದೆ ಸರಿದ. ಆಗ ಒಳಗೆ ಚಪ್ಪಲಿಯ ಸದ್ದು ಕೇಳಿತು.

ಬಾಗಿಲು ತೆರೆದ ಅನ್ಸೆಲ್ಮೊ ಇಸ್ತ್ರಿ ಮಾಡಿದ ಅಂಗಿ, ಕೋಟು ತೊಟ್ಟಿದ್ದ. ಹಿಂದೆ ಬೋಳು ಗೋಡೆ, ಒಂದೇ ಒಂದು ಕುರ್ಚಿ. ಮೂವರನ್ನೂ ಒಟ್ಟಿಗೆ ಕಂಡು ಕಿವಿಯವರೆಗೆ ಕೆಂಪಾದ. ನಮ್ಮನ್ನು ಕಂಡು ಅವನಿಗಾದದ್ದು ಹೆದರಿಕೆಯಲ್ಲ, ಕಳ್ಳತನದಲ್ಲಿ ಸಿಕ್ಕಿಬಿದ್ದ ನಾಚಿಕೆ.

“ಗೊತ್ತಾಗಿ ಹೋಯ್ತಾ? ಕ್ಷಮಿಸಿ. ಒಬ್ಬರನ್ನ ಬಿಟ್ರೆ ಅವರಿಗೆ ಬೇಜಾರಾಗುತ್ತೆ ಅಂತ ಮೂವರಿಗೂ ಬರ್ತಿದ್ದೆ. ನೀವೆಲ್ಲ ಎಷ್ಟು ಖುಷಿಯಾಗಿದ್ರಿ, ನಾನು ಸುಧಾರಿಸಿದೆ ಅಂತ.”

ನಲವತ್ತು ವರ್ಷ ರೋಗಿಗೆ ತನ್ನ ಮನಸ್ಸು ತೋರಿಸದ ಸ್ಲುಟ್ಸ್ಕಿಯವರೇ ಮುಂದೆ ಹೋಗಿ ಅವನ ತೋಳು ಹಿಡಿದರು.

“ಅನ್ಸೆಲ್ಮೊ, ನಮಗೆ ಭಯ ಆಯ್ತಪ್ಪ. ತುಂಬಾ ಭಯ ಆಯ್ತು. ಇವತ್ತೇನಾ?”

ಅವನು ನೆಲ ನೋಡಿದ. “ಸಂಜೆಗೆ,” ಎಂದ. ಖಾಲಿ ಕೋಣೆಯತ್ತ ಕೈ ತೋರಿಸಿ, “ಬಂದವರಿಗೆ ಕೊಡೋಕೆ ಏನೂ ಇಲ್ಲ. ಎಲ್ಲಾ ಕೊಟ್ಟುಬಿಟ್ಟೆ. ಮಾಟೆ ಮಾತ್ರ ಇದೆ,” ಎಂದ.

“ಅಷ್ಟು ಸಾಕು,” ಎಂದೆ.

ನೆಲದ ಮೇಲೆ ಸುತ್ತ ಕೂತೆವು. ಒಂದೇ ಬುರುಡೆ, ಸಕ್ಕರೆ ಇಲ್ಲ. ಗ್ರಿಸೆಲ್ಡಾ ಮುಖ ಹಿಂಡದೆ ಕುಡಿದಳು. ಕುಡಿದು, ಸಂಜೆಗೆ ಏನು ಅಂದುಕೊಂಡಿದ್ದಿರಿ ಎಂದು ನೇರವಾಗಿ ಕೇಳಿದಳು. ಅವನು ಹೇಳಿದ, ಅದಕ್ಕೆಂದು ಇಟ್ಟುಕೊಂಡಿದ್ದನ್ನು ಗೋಡೆ ಕಪಾಟಿನಿಂದ ತಂದು ಅವಳ ಕೈಗೆ ಒಪ್ಪಿಸಿದ. ಒಸ್ಮಾರ್ ತಂಗಿ ಹೊರಟಿದ್ದಾಳೆ, ಹಕ್ಕಿಯನ್ನೂ ತರುತ್ತಾಳೋ ಏನೋ ಎಂದ. ಅನ್ಸೆಲ್ಮೊ ಆಗ ಅತ್ತ. ಸ್ಲುಟ್ಸ್ಕಿ ಏನೂ ಹೇಳದೆ ಕೇಳಿಸಿಕೊಂಡರು. ಬುರುಡೆ ಸುತ್ತು ಹೊಡೆಯುತ್ತಲೇ ಇತ್ತು. ನೀರು ಮುಗಿದಾಗ ಅವನು ಕೆಟಲ್ ತುಂಬಿ ತಂದ, ಒಂದು ಸಲ, ಎರಡು ಸಲ. ಸೊಪ್ಪು ಸಪ್ಪೆಯಾಗಿತ್ತು.

ಆಂಬುಲೆನ್ಸೂ ಬಂದಿರಲಿಲ್ಲ, ದೆಲಿಯಾಳೂ ಇನ್ನೂ ಬಂದಿರಲಿಲ್ಲ. ನನಗೆ ಹೊಟ್ಟೆ ಉಬ್ಬಿತ್ತು, ಒಸ್ಮಾರ್ ಎರಡು ಸಲ ಬಚ್ಚಲಿಗೆ ಹೋಗಿ ಬಂದಿದ್ದ. ಸ್ಲುಟ್ಸ್ಕಿ ಒಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದಿದ್ದರು, ಹಣೆಯಲ್ಲಿ ಬೆವರು.

“ಡಾಕ್ಟ್ರೇ, ನಿಮಗೆ ಆಗಲ್ಲ ಇದು. ಸಾಕು ಅನ್ನಿ,” ಎಂದ ಅನ್ಸೆಲ್ಮೊ, ತುಂಬಿದ ಬುರುಡೆ ಹಿಡಿದು.

ಸ್ಲುಟ್ಸ್ಕಿ ಥ್ಯಾಂಕ್ಸ್ ಅನ್ನಲಿಲ್ಲ. ಕೈ ಚಾಚಿದರು.

“ಕೊಡು. ನನ್ನ ಸರದಿ.”